ಲೆಕ್ಕಕ್ಕಿಲ್ಲದ ಎಣ್ಣೆಗಾಯಿ

ದಿಲ್‌ಸುಖ್‌ನಗರದ ನಮ್ಮ ಸೋದರಮಾವನ ಮನೆಗೆ ಊಟಕ್ಕೆ ಹೋದರೆ ಅಡಿಗೆ ಚೆನ್ನಾಗಿದೆ ಎಂದು ಮಾತ್ರ ಹೇಳಬೇಡಿ. ಸಾಕ್ಷಿ ಕೇಳುತ್ತಾರೆ!

ಮಾಮಾ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರು. ಅವರ ಕಾಲೇಜು ತರುವ ಸಂಶೋಧನಾ ಪತ್ರಿಕೆಯ ಸಂಪಾದಕರೂ ಹೌದು. ಇಂಥ ಪತ್ರಿಕೆಗಳ ಯೋಗ್ಯತೆ ಅಳೆಯಲು ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿಯಿದೆ. ಹಿಂದಿನ ಎರಡು ವರ್ಷ ಪ್ರಕಟಿಸಿದ ಲೇಖನಗಳನ್ನು ಈ ವರ್ಷ ಸಂಶೋಧಕರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂಬುದೇ ಅದರ ತಿರುಳು. ಅದಕ್ಕಿಂತ ಹಳೆಯದಕ್ಕೆ ಬೆಲೆಯಿಲ್ಲ. ಈ ನಿಯಮವನ್ನು ಮಾಮಾ ಅಡಿಗೆಮನೆಗೂ ತಂದರು!

“ನನ್ನ ಎಣ್ಣೆಗಾಯಿ ಮಂದಿ ಇನ್ನೂ ನೆನಸ್ತಾರ,” ಎಂದರು ಅತ್ತೆ ಒಮ್ಮೆ.

“ಯಾರು? ಯಾವಾಗ?”

“ನಮ್ಮಕ್ಕ ಅಂದಿದ್ಲಲ್ರಿ, ಈ ಮನಿ ಗೃಹಪ್ರವೇಶದಾಗ. ಇಂಥಾ ಎಣ್ಣೆಗಾಯಿ ಎಲ್ಲೂ ಉಂಡಿಲ್ಲ ಅಂತ.”

“ಅದಕ್ಕ ಐದು ವರ್ಷ ಆತು, ಲೆಕ್ಕಕ್ಕಿಲ್ಲ. ಮ್ಯಾಲ ಆಕಿ ನಮ್ಮ ಮನಿಯಾಕಿ. ಮನಿಯವರು ಹೊಗಳಿದ್ರ ಅದೂ ಲೆಕ್ಕಕ್ಕಿಲ್ಲ!”

ಮರುದಿನ ತಟ್ಟೆಗೆ ನೀರಿನಂಥ ಸಾರು ಬಿತ್ತು. “ಹೊಸಾದು, ಇವತ್ತಿಂದು. ಉಲ್ಲೇಖ ಮಾಡ್ರಿ,” ಎಂದರು ಅತ್ತೆ. ಮಾಮಾ ಉಪ್ಪಿನಕಾಯಿ ನೆಂಚಿಕೊಂಡು ಉಂಡರು. ಅಂದಿನಿಂದ ಆ ಮನೆಯಲ್ಲಿ ಎಣ್ಣೆಗಾಯಿ ಬಂದ್!

ಅಷ್ಟರಲ್ಲಿ ಕಾಲೇಜಿನವರು ಪಟ್ಟು ಹಿಡಿದರು: ಈ ವರ್ಷ ಅಂಕಿ ಏರದಿದ್ದರೆ ಪತ್ರಿಕೆ ನಿಲ್ಲಿಸುತ್ತೇವೆ. ಹನ್ನೆರಡು ವರ್ಷ ಒಂಟಿಯಾಗಿ ಸಾಕಿದ ಪತ್ರಿಕೆ! ಬೇರೆ ಸಂಪಾದಕರಾಗಿದ್ದರೆ ಏನು ಮಾಡುತ್ತಿದ್ದರು? ‘ನಮ್ಮ ಪತ್ರಿಕೆಯ ನಾಲ್ಕು ಲೇಖನ ಉಲ್ಲೇಖಿಸಿ, ನಿಮ್ಮದನ್ನು ಪ್ರಕಟಿಸುತ್ತೇವೆ’ ಎಂದು ಮೆಲ್ಲಗೆ ಹೇಳುತ್ತಿದ್ದರು. ಮಾಮಾ ಮಾಡಿದ್ದು ತದ್ವಿರುದ್ಧ. ಲೇಖಕರು ಮುಲಾಜಿಗೆ ತಾವಾಗಿಯೇ ಸೇರಿಸಿದ್ದನ್ನೂ ಹೊಡೆದುಹಾಕಿದರು!

ನಾನು ಮಿಯಾಪುರದ ಕಡೆಯ ಬೇರೊಂದು ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನದೂ ಒಂದು ಅಳಿಲುಸೇವೆ ಇರಲಿ ಎಂದು, ಇನ್ನೊಂದು ಪತ್ರಿಕೆಗೆ ಕಳಿಸಲಿದ್ದ ಲೇಖನದಲ್ಲಿ ಮಾಮಾನ ಪತ್ರಿಕೆಯ ನಾಲ್ಕು ಲೇಖನಗಳನ್ನು ತುರುಕಿದೆ. ತಿದ್ದಿಸಿಕೊಳ್ಳಲು ಮೆಟ್ರೋ ಹತ್ತಿ ಅವರಲ್ಲಿಗೇ ಒಯ್ದೆ ನೋಡಿ, ಅದೇ ನನ್ನ ದಡ್ಡತನ. ನಾಲ್ಕಕ್ಕೂ ಕೆಂಪು ಗೀಟು!

“ನಿನ್ನ ಲೇಖನಕ್ಕೂ ಇವಕ್ಕೂ ಏನವಾ ಸಂಬಂಧ? ಬೀಗತನಾನ?”

“ಪತ್ರಿಕೆ ಉಳೀಬೇಕಲ್ಲ ಮಾಮಾ?”

“ಉಳೀಬೇಕು. ಆದ್ರ ಹಿಂಗಲ್ಲ.” ಅವರ ದನಿ ಸಣ್ಣಗಾಗಿತ್ತು. ನಾನು ಆ ನಾಲ್ಕನ್ನೂ ತೆಗೆದುಹಾಕಿದೆ.

ಅಂಕಿ ಏರಲಿಲ್ಲ. ಪತ್ರಿಕೆ ನಿಂತಿತು.

ಅದಾದ ಮುಂದಿನ ಭಾನುವಾರ ನಾನು ಅಲ್ಲಿದ್ದಾಗಲೇ ಮಾಮಾಗೆ ಒಂದು ಮೇಲ್ ಬಂತು. ಯಾದಗಿರಿಯ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು. ಕಣ್ಣು ಕಾಣದ ಗೆಳತಿಗೆ ಕೈಬರಹದ ನೋಟ್ಸ್ ಓದಿ ಹೇಳುವ ಪ್ರೋಗ್ರಾಂ ಮಾಡಿದ್ದಳಂತೆ. ಮಾಮಾ ಒಂಬತ್ತು ವರ್ಷದ ಹಿಂದೆ ಪ್ರಕಟಿಸಿದ ಲೇಖನವೊಂದು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲವಂತೆ. ತನ್ನ ಪ್ರಬಂಧದಲ್ಲಿ ಅದನ್ನು ಉಲ್ಲೇಖಿಸಿದ್ದಳು.

“ಒಂಬತ್ತು ವರ್ಷ ಹಳೇದು. ಲೆಕ್ಕಕ್ಕಿಲ್ಲಲ್ಲ ಮಾಮಾ?” ಎಂದು ಕಾಡಿಸಿದೆ.

“ಇಲ್ಲ,” ಎಂದರು. ಎಂದವರು ಆ ಮೇಲನ್ನು ಅತ್ತೆಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ?

ಅತ್ತೆ ಒಳಗೆ ಹೋಗಿ ಬದನೆಕಾಯಿ ಸೀಳತೊಡಗಿದರು.

ಊಟಕ್ಕೆ ಕೂತ ಮಾಮಾ ಮೊದಲ ತುತ್ತು ನುಂಗಿ ತಲೆ ತಗ್ಗಿಸಿಯೇ ಹೇಳಿದರು: “ಗೃಹಪ್ರವೇಶದಾಗ ನಿಮ್ಮಕ್ಕ ಅಂದಿದ್ದು ಖರೇ ಐತಿ. ಇಂಥಾ ಎಣ್ಣೆಗಾಯಿ ಎಲ್ಲೂ ಉಂಡಿಲ್ಲ.”

“ನೀವು ಮನಿಯವರು,” ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಬದನೆಕಾಯಿ ಬಡಿಸುತ್ತ. “ಲೆಕ್ಕಕ್ಕಿಲ್ಲ.”