ಕುಡಚಿಯ ತಂಪು ಅಂಗಡಿ

ತಾನು ನಕ್ಷೆ ಬರೆದ ಕಟ್ಟಡದ ಮುಂದೆ ಹಾಯುವಾಗ ಎಂಜಿನಿಯರನಾದವನು ತುಸು ನಿಧಾನಿಸುತ್ತಾನೆ. ಯಾರಾದರೂ ಹೊಗಳಿದರೆ ಕೇಳಿಸಿಕೊಳ್ಳೋಣವೆಂಬ ಆಸೆ. ನಾನು ಮಾತ್ರ ಕುಡಚಿಯ ಸ್ಟೇಷನ್ ರಸ್ತೆ ಬಂತೆಂದರೆ ಬೈಕಿನ ವೇಗ ಹೆಚ್ಚಿಸುತ್ತೇನೆ. ಅಲ್ಲಿ ದಸ್ತಗೀರಸಾಹೇಬರ ಸೂಪರ್ ಮಾರ್ಕೆಟ್ ಇದೆ.

ತಂದೆಯ ಕಾಲದ ಕಿರಾಣಿ ಅಂಗಡಿ ಕೆಡವಿ ಈ ಮಾರ್ಕೆಟ್ ಕಟ್ಟಿಸಬೇಕೆಂದು ಅವರು ಅಥಣಿಯ ನನ್ನ ಆಫೀಸಿಗೆ ಬಂದಾಗ, ನಾನು ಕರೆಂಟ್ ಉಳಿಸಿ ಕಡಿಮೆ ಇಂಗಾಲ ಉಗುಳುವ ಕಟ್ಟಡಗಳ ಬಗ್ಗೆ ಪುಣೆಯಲ್ಲಿ ತರಬೇತಿ ಮುಗಿಸಿ ಆಗಷ್ಟೇ ಮರಳಿದ್ದೆ. ಎದುರು ಸಿಕ್ಕವರಿಗೆಲ್ಲ ಉಪದೇಶ ಮಾಡುವ ಅವಸ್ಥೆ. ಇಲ್ಲಿಯದೇ ಕಲ್ಲಿನ ದಪ್ಪ ಗೋಡೆ, ಬಿಸಿಲು ಹೀರದ ಬಿಳಿ ಛಾವಣಿ, ಉತ್ತರಕ್ಕೆ ಎತ್ತರದಲ್ಲಿ ಕಿಟಕಿಗಳ ಸಾಲು, ತಂಪು ಸೋರದಂತೆ ಹಾಲಿನ ಫ್ರಿಜ್ಜುಗಳಿಗೆ ಗಾಜಿನ ಬಾಗಿಲು. ಹಗಲು ದೀಪ ಬೇಡ, ಎಸಿಯೂ ಬೇಡ. ಅವರು ಎಲ್ಲವನ್ನೂ ಕೇಳಿ, "ನೀವು ಕಲತಾವ್ರು, ನಿಮ್ಮ ಮ್ಯಾಲ ಬಿಟ್ಟೀನ್ರಿ" ಎಂದರು. ಆ ಮಾತಿನ ಭಾರ ನನಗಾಗ ತಿಳಿಯಲಿಲ್ಲ.

ಕಟ್ಟಡ ನಾನು ಹೇಳಿದಂತೆಯೇ ನಡೆಯಿತು. ನಡೆಯದೆ ಹೋದದ್ದು ವ್ಯಾಪಾರ. ಬಿಸಿಲಿನಿಂದ ಬಂದವರ ಕಣ್ಣಿಗೆ ಒಳಗೆಲ್ಲ ಮಬ್ಬು. ಬಾಗಿಲಲ್ಲೇ ನಿಂತು, "ಕರೆಂಟ್ ಹೋಗೇತೇನ್ರಿ?" ಎನ್ನುವರು. "ಇಲ್ರಿ, ಹಗಲಿಗಿ ಲೈಟ್ ಬೇಕಾಗೂದಿಲ್ಲ, ಬರ್ರಿ" ಎಂದು ಸಾಹೇಬರು ಕರೆದರೆ, "ಆಮ್ಯಾಲ ಬರ್ತೀವಿ" ಎಂದು ಹೊರಡುವರು. ರಸ್ತೆಯಾಚೆ ಮದುವೆ ಮಂಟಪದಂತೆ ಹಗಲೂ ದೀಪ ಹಚ್ಚಿಕೊಂಡ ಗಾಜಿನ ಅಂಗಡಿಗೆ. ಸಾಹೇಬರು "ಅಂಗಡಿ ಚಾಲೂ ಐತಿ" ಎಂದು ಫಲಕ ಬರೆಸಿದರು. ಅಲ್ಲಿಯವರೆಗೆ ಬರೀ ಸಂಶಯವಿದ್ದವರಿಗೆ ಇಲ್ಲೇನೋ ಆಗಿದೆಯೆಂದು ಖಾತ್ರಿಯಾಯಿತು.

ಬೇಸಿಗೆಯಲ್ಲೊಮ್ಮೆ ಊರಿಗೆಲ್ಲ ಕರೆಂಟ್ ಹೋಯಿತು. ಸುದ್ದಿ ಕೇಳಿ ಅಥಣಿಯಿಂದ ಹೊರಟುಬಂದೆ. ನಮ್ಮ ಅಂಗಡಿ ತುಂಬಿತ್ತು. ಮುದುಕರು ಅಕ್ಕಿ ಚೀಲಗಳ ಮೇಲೆ ಮಲಗಿದ್ದರು. ಗಾಜಿನ ಅಂಗಡಿಯ ಮಾಲೀಕರೂ ಗೋಡೆಗೆ ಒರಗಿ ಕೂತು, "ಎಷ್ಟ ತಂಪ ಐತ್ರಿ" ಎಂದು ಮೆಚ್ಚಿಕೊಂಡರು. ಸಂಜೆ ಕರೆಂಟ್ ಬಂತು. ಎಲ್ಲರೂ ಎದ್ದು, ಬಟ್ಟೆ ಕೊಡವಿಕೊಂಡು, ಆಚೆಯ ಅಂಗಡಿಗೆ ಹೋಗಿ ಸಂತೆ ಮಾಡಿದರು.

ಸಾಹೇಬರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾ ತರಿಸಿಕೊಟ್ಟು ಹೇಳಿದರು: "ನಿಮ್ದೇನೂ ತಪ್ಪಿಲ್ರಿ. ಆದ್ರ ಮಂದಿ ನೆಳ್ಳಿಗೆ ಬರ್ತಾರ, ಸಾಮಾನಿಗೆ ಬರೂದಿಲ್ಲ. ಆ ಕಿಟಕಿ ಮುಚ್ಚಿ ಲೈಟ್ ಹಚ್ಚಸೂಣು, ಎಸಿ ಕುಂದ್ರಸೂಣು. ಬ್ಯಾರೆಯವ್ರನ್ನ ಕರ್ಯಾಕ ಮನಸ್ಸಿಲ್ಲ. ನೀವ ನಿಂತು ಮಾಡಸ್ರಿ."

ನಿಂತು ಮಾಡಿಸಿದೆ. ಕೊನೆಯ ಕಿಟಕಿಗೆ ಹಲಗೆ ಬಡಿಯುವಾಗ ನೆಲದ ಮೇಲಿನ ಬೆಳಕು ಕಿರಿದಾಗುತ್ತ ಹೋಯಿತು. ಅವರು ಆ ಕಡೆ ನೋಡಲಿಲ್ಲ. ನಾನು ಅವರ ಕಡೆ ನೋಡಲಿಲ್ಲ. ವ್ಯಾಪಾರ ಚೇತರಿಸಿಕೊಂಡಿತು.

ಮೊನ್ನೆ ರಾಯಬಾಗದ ವ್ಯಾಪಾರಿಯೊಬ್ಬರು ಬಂದು, "ಕುಡಚಿ ಅಂಗಡಿ ಭಾಳ ಚಲೋ ಮಾಡೀರಿ. ನಮಗೂ ಹಂಗ ಬೇಕ್ರಿ" ಎಂದರು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಅದರಲ್ಲಿ ಏನು ಹಿಡಿಸಿತೆಂದು ಕೇಳಿದೆ. "ಹಗಲ ಹೊತ್ತಿನ್ಯಾಗೂ ಎಷ್ಟ ಲೈಟ್ ಹಚ್ಚಸೀರಲ್ರಿ, ಅದ." ಇಂಗಾಲದ ಬಗ್ಗೆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ನಕ್ಷೆಯಲ್ಲಿ ದೀಪಗಳ ಜಾಗ ಗುರುತು ಹಾಕತೊಡಗಿದೆ. ಅವರು ಕೇಳಿದ್ದಕ್ಕಿಂತ ಕೆಲವು ಹೆಚ್ಚೇ ಹಾಕಿದೆ.