ಉಟ್ಟ ಸೀರೆ ವಾಪಸ್ ಇಲ್ಲ

ಸಿಂದಗಿಯಲ್ಲಿ ನಮ್ಮದು ಮೂರು ತಲೆಮಾರಿನ ಸೀರೆ ಅಂಗಡಿ. ನಮ್ಮ ಮಾವನವರ ಮಾತಿನ ಮೇಲೆ ಜನ ಡಬ್ಬಿ ಬಿಚ್ಚದೆ ಸೀರೆ ಒಯ್ಯುತ್ತಿದ್ದರು. ಈಗ ಹಣದ ಗಲ್ಲೆಯ ಮೇಲೆ ನಾನು ಕೂಡುತ್ತೇನೆ. ಕಾನ್ವೆಂಟಿನಲ್ಲಿ ಓದಿದವಳು, ಹೇಳುವುದನ್ನು ಒಮ್ಮೆ ಹೇಳುತ್ತೇನೆ. ‘ಉಟ್ಟ ಸೀರೆ ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂದು ಗೋಡೆಗೆ ಬರೆದು ಹಚ್ಚಿದ್ದೇನೆ. ಆದರೂ ವಾರಕ್ಕೊಬ್ಬರು ಬಂದೇ ಬರುತ್ತಾರೆ.

೧. ಬಣ್ಣ

ಮೋರಟಗಿಯ ಗೃಹಸ್ಥರೊಬ್ಬರು ಹೊಸ ಸೀರೆ ವಾಪಸ್ ತಂದರು.

“ನಮ್ಮಾಕಿಗೆ ಬಣ್ಣ ಮನಸಿಗೆ ಬರಲಿಲ್ರಿ, ಅಕ್ಕಾರ.”

ಅವರ ಹೆಂಡತಿ ನಮ್ಮ ಹಳೆಯ ಗಿರಾಕಿ. ಯಾವ ಬಣ್ಣ ಬೇಕೆಂದು ಕೇಳಲು ನಾನೇ ಫೋನ್ ಹಚ್ಚಿದೆ.

“ಯಾವ ಸೀರಿರೀ? ನನಗ ಯಾರೂ ಸೀರಿ ಕೊಟ್ಟಿಲ್ಲಲ್ಲ,” ಎಂದರು ಆ ತಾಯಿ.

ವಾಪಸ್ ಕೊಡಲು ಬಂದವರು ಇನ್ನೊಂದು ಸೀರೆ ಕೊಂಡು ಹೋದರು.

೨. ಜಂಪರ್

ಮುದ್ದೇಬಿಹಾಳದ ಟೀಚರೊಬ್ಬರು ನಮ್ಮ ಬಟ್ಟೆಯಲ್ಲಿ ಹೊಲಿಸಿದ ಜಂಪರನ್ನೇ, ಅಂದರೆ ರವಿಕೆಯನ್ನೇ, ತಂದರು.

“ಬಿಗಿ ಆಗೈತ್ರಿ. ನಿಮ್ಮ ಅರಿವಿ ಸಣ್ಣಾತು.”

“ಹೊಲಿದವರನ್ನ ಕೇಳ್ರಿ.”

“ಕೇಳಿದೆ. ಊಟ ಕಡಿಮಿ ಮಾಡ್ರಿ ಅಂದ್ರು. ಅದಕ್ಕ ನಿಮ್ಮ ಕಡೆ ಬಂದೇನಿ.”

೩. ಉಡಿ

ಇಂಡಿ ಊರಿನ ಹೆಣ್ಣುಮಗಳೊಬ್ಬಳು ನಮ್ಮಲ್ಲಿ ಕೊಂಡ ಸೀರೆ ಹಿಡಿದು, ಅತ್ತೆಯನ್ನು ಕರೆದುಕೊಂಡು ಬಂದಳು. ಅಂಗಡಿ ತುಂಬ ಜನ.

“ಉಟ್ಟೇ ಇಲ್ರಿ, ಘಳಿಗಿ ಸೈತ ಬಿಚ್ಚಿಲ್ಲ. ರೊಕ್ಕ ಕೊಡ್ರಿ.”

ನಾನು ಮಡಿಕೆ ಬಿಚ್ಚತೊಡಗಿದೆ.

“ಏನು ನೋಡ್ತೀರಿ? ಇದು ಮೋಸದ ಅಂಗಡಿ,” ಎಂದು ಎಲ್ಲರಿಗೂ ಕೇಳುವಂತೆ ಅಂದಳು.

ಮೂರು ತಲೆಮಾರಿನಲ್ಲಿ ಆ ಶಬ್ದ ನಮ್ಮ ಹೊಸ್ತಿಲೊಳಗೆ ಬಂದಿರಲಿಲ್ಲ. ಜಮಖಾನೆಯ ಮೇಲೆ ಕೂತಿದ್ದ ಗಿರಾಕಿಗಳು ಕೈಯಲ್ಲಿದ್ದ ಸೀರೆ ಕೆಳಗಿಟ್ಟರು.

ನಾನು ಸೆರಗು ಹಿಡಿದು ಝಾಡಿಸಿದೆ. ನಾಲ್ಕು ಕಾಳು ಅಕ್ಕಿ, ಒಂದು ಅರಿಷಿಣ ಕೊಂಬು ಉದುರಿದವು. ಉಡಿ ತುಂಬುವುದು ಉಟ್ಟ ಸೀರೆಯ ಸೆರಗಿಗೆ. ಡಬ್ಬಿಯಲ್ಲಿರುವ ಸೀರೆಗೆ ಯಾರೂ ತುಂಬುವುದಿಲ್ಲ.

“ಅವು ನಿಮ್ಮ ಅಂಗಡ್ಯಾಗಿನವೇ ಇರಬೇಕು,” ಎಂದಳು ಸೊಸೆ.

“ಇದು ಸೀರಿ ಅಂಗಡಿ ಐತವ್ವ. ಕಿರಾಣಿ ಬಾಜೂಕ ಐತಿ.”

ಅಷ್ಟರಲ್ಲಿ ಅತ್ತೆ ಬಗ್ಗಿ ಕೊಂಬು ಎತ್ತಿಕೊಂಡರು. “ಅಯ್ಯ, ನಾ ಮೊನ್ನಿ ಇಕಿಗೆ ಉಡಿ ತುಂಬಿದ್ದ ಕೊಂಬು ಇದು. ಎರಡು ದಿನದಿಂದ ಮನಿ ತುಂಬ ಹುಡುಕಾಕತ್ತೇನಿ,” ಎಂದು ನೆಮ್ಮದಿಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಂಗಡಿಯೇ ನಕ್ಕಿತು. ನಾನು ನಗಲಿಲ್ಲ. ಸೊಸೆ ಸೀರೆ ಮಡಚಿಕೊಂಡು ಹೊರಟಾಗ ಎದ್ದು ಹೋಗಿ ಬಾಗಿಲಲ್ಲಿ ನಿಂತೆ.

“ಸೀರಿ ನಿಂದು, ಒಯ್ಯಿ. ಮೋಸ ಅಂದದ್ದು ಇಷ್ಟೂ ಮಂದಿ ಕೇಳ್ಯಾರ. ಅವರ ಮುಂದ ತಪ್ಪಾತು ಅನ್ನು.”