ಅಡ್ಡಗೀಟಿನ ರಜೆ

ಎಲ್ಲ ಆದದ್ದು ಒಂದು ಅಡ್ಡಗೀಟಿನಿಂದ. ಮ್ಯಾನೇಜರಿಗೆ ಕಾಗದದ ಕಾಲದ ಅಭ್ಯಾಸ. ಏನು ಬರೆದರೂ ಮೊದಲು ಒಂದು ಗೀಟು ಎಳೆಯಬೇಕು. ಫೈಲಿಗೆ ಹೆಸರಿಡುವಾಗಲೂ ಎಳೆದರು: "- ರಜೆ ಆದೇಶ ಕೊನೆಯದು".

ರಜೆ ಕಪ್ಪುಪರದೆಯದು. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪಿಸುತ್ತಲೇ ದಿನ ಕಳೆಯುವ ಪ್ರೋಗ್ರಾಮರಿಗೆ ಕಚೇರಿಯವರು ಇಟ್ಟ ಹೆಸರು ಅದು. ಫೈಲಿನ ಹೆಸರು ಟೈಪಿಸಿದರೆ ಸಾಕು, ಬರೆಯಲು ತಿದ್ದಲು ಬಳಸುವ ಎಡಿಟರಿನಲ್ಲಿ ತೆರೆದುಕೊಡುವ ಪುಟ್ಟ ಪ್ರೋಗ್ರಾಮೊಂದನ್ನು ಅವನೇ ಬರೆದು ಎಲ್ಲರಿಗೂ ಹಂಚಿದ್ದ. ಎರಡು ವರ್ಷಗಳ ನಂತರ ಸಿಗಲಿದ್ದ ರಜೆ. ಸಂಜೆ ಆರಕ್ಕೆ ಬಸ್ಸು, ಹೆಂಡತಿ ಚೀಲ ಕಟ್ಟಿ ಕೂತಿದ್ದಳು. ಆದೇಶ ಮುದ್ರಿಸಿ ಸಹಿ ಹಾಕುವುದಷ್ಟೇ ಬಾಕಿ.

ಬೆಳಿಗ್ಗೆ ಮ್ಯಾನೇಜರು ಹೆಸರು ಟೈಪಿಸಿದರು. ಎಡಿಟರು ಗೀಟನ್ನು ಕಂಡು, ಇದು ಹೆಸರಲ್ಲ, ತನಗೆ ಕೊಟ್ಟ ಆಜ್ಞೆ ಎಂದುಕೊಂಡಿತು. ಉಳಿದ ಮೂರು ಪದಗಳು ಮೂರು ಬೇರೆ ಬೇರೆ ಫೈಲುಗಳ ಹೆಸರೆಂದು ತಿಳಿದು, ಮೂರು ಖಾಲಿ ಪುಟ ತೆರೆದು ಕೂತಿತು.

"ನಿಮ್ಮ ಪ್ರೋಗ್ರಾಮು ನನ್ನ ಆದೇಶಾನೇ ನುಂಗಿಬಿಡ್ತಲ್ರೀ," ಎಂದರು.

"ಫೈಲಿನ ಹೆಸರು ಬದಲಾಯಿಸೋಣ ಸಾರ್, ಎರಡು ನಿಮಿಷದ ಕೆಲ್ಸ."

"ಆದೇಶಕ್ಕೆ ಒಂದ್ಸಲ ಹೆಸರಿಟ್ಟ ಮೇಲೆ ಬದಲಾಯಿಸೋ ಪದ್ಧತಿ ಇಲ್ಲ. ಪ್ರೋಗ್ರಾಮನ್ನೇ ತಿದ್ದಿ."

ತಿದ್ದುತ್ತ ಕೂತ. ಟೈಪಿಸ್ಟ್ ಅಕ್ಕ, "ಒಂದ್ಸಲ ಆಫ್ ಮಾಡಿ ಆನ್ ಮಾಡಪ್ಪ, ಎಲ್ಲಾ ಸರಿಹೋಗುತ್ತೆ," ಎಂದು ಉತ್ತರಕ್ಕೂ ಕಾಯದೆ ತಾನೇ ಆಫ್ ಮಾಡಿದಳು. ಅರ್ಧ ತಿದ್ದಿದ್ದು ಅಲ್ಲಿಗೆ ಮಣ್ಣುಪಾಲು. ಮತ್ತೆ ಬರೆಯುವಷ್ಟರಲ್ಲಿ ಗುಮಾಸ್ತರು, "ನಂದೂ ಒಂದು ನೋಡಿಬಿಡಿ," ಎಂದು ನಕ್ಷತ್ರದ ಗುರುತನ್ನೇ ಹೆಸರಾಗಿ ಇಟ್ಟಿದ್ದ ಫೈಲನ್ನು ತೆರೆಯಹೊರಟರು. ಕಂಪ್ಯೂಟರಿನ ಲೆಕ್ಕದಲ್ಲಿ ಆ ಗುರುತಿಗೆ 'ಎಲ್ಲವೂ' ಎಂದರ್ಥ. ಕಚೇರಿಯ ಫೈಲುಗಳೆಲ್ಲ ಸಂತೆಗೆ ಬಂದ ಜನರಂತೆ ಒಟ್ಟಿಗೆ ತೆರೆದುಕೊಂಡವು. ಅವನ್ನು ಮುಚ್ಚುವುದರಲ್ಲೇ ಮಧ್ಯಾಹ್ನದ ಊಟ ತಪ್ಪಿತು.

ಮೂರೂವರೆಗೆ ಹೆಂಡತಿಯ ಫೋನು. "ಹೊರಟ್ರಾ?"

"ರಜೆ ತೆರೀತಾ ಇದೀನಿ ಕಣೇ," ಎಂದ ಪಾಪ.

ಐದಕ್ಕೆ ಕೆಲಸ ಮುಗಿಯಿತು. ಹೆಸರು ಚೂರಾಗದಂತೆ ಇಡಿಯಾಗಿ ಕಟ್ಟಿ, ಅದಕ್ಕೂ ಮೊದಲು ಫೈಲು ಇರುವ ಜಾಗದ ವಿಳಾಸ ಬರುವಂತೆ ಮಾಡಿದ. ಈಗ ಗೀಟು ಮೊದಲ ಗುರುತೇ ಅಲ್ಲ. ಫೈಲು ತೆರೆಯಿತು. ಅವನಿಗೆ ಕಣ್ಣು ತುಂಬಿ ಬಂತು. ಮ್ಯಾನೇಜರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ಇವರ ಪ್ರೋಗ್ರಾಮು ಇವರಿಲ್ಲದೆಯೂ ಸುಸೂತ್ರವಾಗಿ ನಡೆಯುವುದರಿಂದ, ಹತ್ತು ದಿನಗಳ ರಜೆ ಮಂಜೂರು ಮಾಡಲಾಗಿದೆ."

ಓದಿ ಮುಗಿಸಿ ಅವನನ್ನೇ ನೋಡಿದರು. "ಇವತ್ತು ನೀವಿಲ್ದೇ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಹೇಳಿ?" ಆ ಮೆಚ್ಚುಗೆ ಮನಸ್ಸಿನಿಂದಲೇ ಬಂದದ್ದು.

ಕೂಡಲೇ ಹೊಸ ಆದೇಶ ಬರೆದರು. ಹೆಸರು, "- - ರಜೆ ರದ್ದು". ಮುದ್ರಿಸಲೆಂದು ಕಪ್ಪುಪರದೆಯೇ ಅದನ್ನು ಟೈಪಿಸಬೇಕಾಯಿತು. ಅದು ಮೊದಲ ಸಲಕ್ಕೇ ತೆರೆಯಿತು.